ಕೊಲೊನೋಸ್ಕೋಪಿ: ನೋವು ಕಮ್ಮಿ ಆಗಬೇಕಾದರೆ ಯಾವುದನ್ನು ಆರಿಸಿಕೊಳ್ಳಬೇಕು?

ನಮ್ಮಣ್ಣನಿಗೆ 52ನೇ ವಯಸ್ಸಿನಲ್ಲಿ ದೊಡ್ಡ ಕರುಳಿನ ಕ್ಯಾನ್ಸರ್ ಅಂತ ಗೊತ್ತಾಯಿತು. ಆಪರೇಷನ್ ಆಯಿತು, ಕಿಮೋ ಆಯಿತು. ಈಗ ಗಂಗಾವತಿ ಹತ್ತಿರ ಗದ್ದೆ ನೋಡಿಕೊಂಡು ಆರಾಮಾಗಿದ್ದಾನೆ. ಅವತ್ತು ಡಾಕ್ಟರು ನಮ್ಮನ್ನೆಲ್ಲ ಕೂರಿಸಿಕೊಂಡು ಹೇಳಿದ ಮಾತು ಇನ್ನೂ ನೆನಪಿದೆ. ಒಡಹುಟ್ಟಿದವರು, ಮಕ್ಕಳು ಎಲ್ಲರೂ 40 ಆದ ಮೇಲೆ ಕೊಲೊನೋಸ್ಕೋಪಿ ಮಾಡಿಸಬೇಕು, ಅಂದರೆ ಕ್ಯಾಮೆರಾ ಇರುವ ಉದ್ದನೆಯ ಬಳುಕುವ ನಳಿಗೆಯನ್ನು (ಸ್ಕೋಪು) ಗುದದ್ವಾರದಿಂದ ಬಿಟ್ಟು ದೊಡ್ಡ ಕರುಳನ್ನು ಒಳಗಿನಿಂದ ನೋಡುವ ಪರೀಕ್ಷೆ. ಮಾಡಿಸಿ ಬಿಡುವುದಲ್ಲ, 5 ವರ್ಷಕ್ಕೊಮ್ಮೆ ಮಾಡಿಸುತ್ತಾ ಇರಬೇಕು.

ನಾನು ಎರಡು ಸಲ ಮಾಡಿಸಿದ್ದೇನೆ. 43ಕ್ಕೆ ಒಮ್ಮೆ, 48ಕ್ಕೆ ಒಮ್ಮೆ. ಮೊದಲ ಸಲ ಟೇಬಲ್ ಮೇಲೆ ಅತ್ತೆ. ಮನೆಗೆ ಬಂದ ಮೇಲೂ ರಾತ್ರಿ ತನಕ ಹೊಟ್ಟೆ ಉಬ್ಬಿಕೊಂಡು ಮಗ್ಗುಲು ಬದಲಿಸಲು ಆಗಲಿಲ್ಲ. ಎರಡನೇ ಸಲ ಸಂಜೆ 5ಕ್ಕೆ ಅಡುಗೆ ಮಾಡುತ್ತಿದ್ದೆ. ನನ್ನ ಕರುಳು ಬದಲಾಗಿರಲಿಲ್ಲ. ಮಾಡಿದ ರೀತಿ ಬದಲಾಗಿತ್ತು, ಅದೂ ನಾನು ಮೊದಲೇ ಕೇಳಿದ್ದರಿಂದ.

ನಮ್ಮ ಕೊಪ್ಪಳದ ಕಡೆ ಯಾರಿಗೆ ಈ ಪರೀಕ್ಷೆ ಹೇಳಿದರೂ ಮೊದಲ ಪ್ರಶ್ನೆ ಒಂದೇ. "ನಿದ್ದಿ ಬರೂ ಇಂಜೆಕ್ಷನ್ ಕೊಡ್ತಾರೇನ್ರಿ?" ಕೇಳಬೇಕಾದ ಪ್ರಶ್ನೆಯೇ. ಆದರೆ ಅದಕ್ಕಿಂತ ಮುಂಚೆ ಆರಿಸಿಕೊಳ್ಳಬೇಕಾದ ಎರಡು ವಿಷಯ ಇವೆ. ಅವುಗಳ ಬಗ್ಗೆ ಯಾರೂ ಕೇಳುವುದಿಲ್ಲ. ಅದಕ್ಕೇ ಇಷ್ಟು ಉದ್ದ ಬರೆಯುತ್ತಿದ್ದೇನೆ.

ನಿಮಗೆ ಕೊಲೊನೋಸ್ಕೋಪಿಯೇ ಬೇಕಾ?

ಮನೆಯಲ್ಲಿ ಯಾರಿಗೂ ಈ ಕಾಯಿಲೆ ಇಲ್ಲ, ನಿಮಗೂ ಏನೂ ತೊಂದರೆ ಇಲ್ಲ, ಸುಮ್ನೆ ಮುಂಜಾಗ್ರತೆಗೆ ಅಂತಾದರೆ ಬೇರೆ ದಾರಿಗಳೂ ಇವೆ. ಅಮೆರಿಕದ ತಜ್ಞರ ಸಮಿತಿ 2021ರಲ್ಲಿ ತಪಾಸಣೆ ಶುರು ಮಾಡುವ ವಯಸ್ಸನ್ನು 50ರಿಂದ 45ಕ್ಕೆ ಇಳಿಸಿತು. ನಮ್ಮಲ್ಲಿ ಸರ್ಕಾರದ ಕ್ಯಾನ್ಸರ್ ತಪಾಸಣೆ ಪಟ್ಟಿಯಲ್ಲಿ ಬಾಯಿ, ಸ್ತನ, ಗರ್ಭಕಂಠ ಇವೆ, ದೊಡ್ಡ ಕರುಳು ಇಲ್ಲ. ಹಾಗಾಗಿ ಇಲ್ಲಿ ನಾವೇ ಡಾಕ್ಟರ ಹತ್ತಿರ ಮಾತಾಡಿ ತೀರ್ಮಾನ ಮಾಡಬೇಕು.

ನೋವೇ ಇಲ್ಲದ ದಾರಿ ಅಂದರೆ ಫಿಟ್ ಅನ್ನುವ ಮಲ ಪರೀಕ್ಷೆ. ಸಣ್ಣ ಡಬ್ಬಿಯಲ್ಲಿ ಚೂರು ಮಲ ಕೊಟ್ಟರೆ ಸಾಕು, ಕಣ್ಣಿಗೆ ಕಾಣದಷ್ಟು ರಕ್ತ ಇದ್ದರೂ ಹೇಳುತ್ತದೆ. ಪಥ್ಯ ಬೇಡ, ಔಷಧಿ ಬೇಡ. ಆದರೆ ವರ್ಷಕ್ಕೊಮ್ಮೆ ತಪ್ಪದೆ ಮಾಡಿಸಬೇಕು. ರಕ್ತ ಇದೆ ಅಂತ ಬಂದರೆ ಆಮೇಲೆ ಕೊಲೊನೋಸ್ಕೋಪಿ ಮಾಡಿಸಲೇಬೇಕು. "ಮೂಲವ್ಯಾಧಿದ್ದು ಇರಬೇಕು ಬಿಡ್ರಿ" ಅಂತ ಅಲ್ಲಿಗೇ ಬಿಡುವುದು ದೊಡ್ಡ ತಪ್ಪು.

ಇನ್ನೊಂದು ಸಿಟಿ ಸ್ಕ್ಯಾನ್ ದಾರಿ. ಸ್ಕೋಪು ಒಳಗೆ ಹೋಗುವುದಿಲ್ಲ ಅಂತ ಜನ ಇಷ್ಟಪಡುತ್ತಾರೆ. ಆದರೆ ಇದಕ್ಕೂ ಹೊಟ್ಟೆ ಖಾಲಿ ಮಾಡಬೇಕು. ಗುದದ್ವಾರದಲ್ಲಿ ಸಣ್ಣ ನಳಿಗೆ ಇಟ್ಟು ಗ್ಯಾಸ್ ತುಂಬುತ್ತಾರೆ, ಅದೂ ಪೂರ್ತಿ ಎಚ್ಚರ ಇದ್ದಾಗಲೇ. ಗಂಟು (ಪಾಲಿಪ್, ಮುಂದೆ ಕ್ಯಾನ್ಸರ್ ಆಗಬಹುದಾದ ಬೆಳವಣಿಗೆ) ಕಂಡರೆ ತೆಗೆಯಲು ಮತ್ತೆ ಕೊಲೊನೋಸ್ಕೋಪಿ. ಬರೀ ಕಷ್ಟ ತಪ್ಪಿಸಿಕೊಳ್ಳಲು ಇದನ್ನು ಆರಿಸುವುದರಲ್ಲಿ ನನಗೆ ಅಷ್ಟು ಲಾಭ ಕಾಣುವುದಿಲ್ಲ.

ಮಲದಲ್ಲಿ ರಕ್ತ, ಕಾರಣವಿಲ್ಲದೆ ತೂಕ ಇಳಿಯುವುದು, ರಕ್ತ ಕಮ್ಮಿಯಾಗಿ ಸುಸ್ತು, ಇದ್ದಕ್ಕಿದ್ದಂತೆ ಬದಲಾದ ಮಲವಿಸರ್ಜನೆ, ಇವು ಇದ್ದರೆ ಅದು ಮುಂಜಾಗ್ರತೆಯ ಪರೀಕ್ಷೆ ಅಲ್ಲವೇ ಅಲ್ಲ. ಫಿಟ್ ಅಂತ ಕಾಯಬೇಡಿ. ಮನೆಯಲ್ಲಿ ಅಣ್ಣತಮ್ಮ, ಅಕ್ಕತಂಗಿ, ತಂದೆತಾಯಿಗೆ ಬಂದಿದ್ದರೂ ಕೊಲೊನೋಸ್ಕೋಪಿಯೇ ಸರಿ.

ಹೊಟ್ಟೆ ಖಾಲಿ ಮಾಡುವ ಔಷಧಿ: ಒಂದೇ ಸಲ ಕುಡಿಯುವುದಾ, ಎರಡು ಸಲ ಹಂಚುವುದಾ?

ಮಾಡಿಸಿಕೊಂಡವರನ್ನು ಕೇಳಿ ನೋಡಿ. "ಪರೀಕ್ಷೆಕ್ಕಿಂತ ಔಷಧಿ ಕುಡಿಯೋದೇ ಕಷ್ಟರೀ" ಅಂತಾರೆ. ನನ್ನ ಅನುಭವವೂ ಅದೇ. ಆದರೆ ಈ ಔಷಧಿಗೂ ಟೇಬಲ್ ಮೇಲಿನ ನೋವಿಗೂ ನೇರ ಸಂಬಂಧ ಇದೆ ಅನ್ನುವುದು ನನಗೆ ಮೊದಲ ಸಲ ಗೊತ್ತಿರಲಿಲ್ಲ.

ಅವತ್ತು ನನಗೆ ಪೂರ್ತಿ ಔಷಧಿಯನ್ನು ಹಿಂದಿನ ಸಂಜೆಯೇ ಕುಡಿಯಿರಿ ಅಂದಿದ್ದರು. ಸಂಜೆ 5ರಿಂದ 8ರ ತನಕ ಕುಡಿದೆ. ರಾತ್ರಿಯೆಲ್ಲ ನಿದ್ದೆ ಇಲ್ಲ. ಪರೀಕ್ಷೆ ಮರುದಿನ 11 ಗಂಟೆಗೆ. ಅಷ್ಟು ಹೊತ್ತಿಗೆ ಸಣ್ಣ ಕರುಳಿನಿಂದ ಇಳಿದ ಅಂಟು ದ್ರವ ದೊಡ್ಡ ಕರುಳಿನ ಬಲಗಡೆ ಮೆತ್ತಿಕೊಂಡಿತ್ತು. ಡಾಕ್ಟರು ತೊಳೆಯುತ್ತಾ, ಹೀರುತ್ತಾ, ಮತ್ತೆ ತೊಳೆಯುತ್ತಾ ಹೋದರು. ಸ್ಕೋಪು ಒಳಗಿದ್ದಷ್ಟು ಹೊತ್ತೂ ನೋವು. ಅರ್ಧ ಗಂಟೆಯೊಳಗೆ ಮುಗಿಯಬೇಕಾದದ್ದು ಎಳೆದುಕೊಂಡು ಹೋಯಿತು.

ಎರಡನೇ ಸಲ ಹಂಚಿ ಕುಡಿದೆ. ಅರ್ಧ ಹಿಂದಿನ ಸಂಜೆ, ಇನ್ನರ್ಧ ಪರೀಕ್ಷೆಗೆ 4ರಿಂದ 6 ಗಂಟೆ ಮುಂಚೆ. ಕರುಳು ಚೆನ್ನಾಗಿ ತೊಳೆದು ಹೋಗುವುದು ಹೀಗೆ ಹಂಚಿ ಕುಡಿದಾಗಲೇ. ಹೊಟ್ಟೆ ತೊಳಸುವುದೂ ಕಮ್ಮಿ, ಯಾಕಂದರೆ ಒಂದೇ ಸಲ ಅಷ್ಟೂ ನೀರು ಒಳಗೆ ಹೋಗುವುದಿಲ್ಲ. ಕಷ್ಟ ಒಂದೇ, ಬೆಳಗಿನ ಪರೀಕ್ಷೆ ಇದ್ದರೆ ನಸುಕಿನಲ್ಲಿ ಏಳಬೇಕು. ಏಳಿ. ನನ್ನ ಮಾತು ನಂಬಿ, ಆ ನಸುಕಿನ ಒಂದು ಗಂಟೆ ಟೇಬಲ್ ಮೇಲೆ ನಿಮ್ಮನ್ನು ಕಾಪಾಡುತ್ತದೆ.

ಯಾವ ಔಷಧಿ ಅನ್ನುವುದೂ ಒಂದು ಆಯ್ಕೆ. ನಮ್ಮಲ್ಲಿ ಜಾಸ್ತಿ ಕೊಡುವುದು ಪೆಗ್ಲೆಕ್ ತರಹದ ಪುಡಿ. ಸುಮಾರು 2 ಲೀಟರ್ ನೀರಿನಲ್ಲಿ ಕರಗಿಸಬೇಕು. ಕುಡಿಯಲು ಜಾಸ್ತಿ, ರುಚಿ ಉಪ್ಪುಪ್ಪು. ಆದರೆ ಮೈಯೊಳಗಿನ ನೀರು, ಲವಣದ ಲೆಕ್ಕ ಹೆಚ್ಚು ಏರುಪೇರಾಗುವುದಿಲ್ಲ. ಮೂತ್ರಪಿಂಡ, ಹೃದಯದ ತೊಂದರೆ ಇದ್ದವರಿಗೆ, ವಯಸ್ಸಾದವರಿಗೆ ಸಾಮಾನ್ಯವಾಗಿ ಇದನ್ನೇ ಕೊಡುವುದು. ಪಿಕೊಸಲ್ಫೇಟ್ ಮತ್ತು ಮೆಗ್ನೀಸಿಯಂ ಇರುವ ಪುಡಿ ಸ್ವಲ್ಪವೇ ಕುಡಿದರೆ ಸಾಕು, ರುಚಿಯೂ ಪರವಾಗಿಲ್ಲ. ಆದರೆ ಅದರ ಹಿಂದೆ ಬೇರೆ ನೀರು, ಪಾನಕ ಚೆನ್ನಾಗಿ ಕುಡಿಯಲೇಬೇಕು. ಮೂತ್ರಪಿಂಡದ ತೊಂದರೆ ಇದ್ದರೆ ಅದು ಬೇಡ. ಫಾಸ್ಫೇಟ್ ಇರುವ ಸಣ್ಣ ಬಾಟಲಿ ಔಷಧಿ ಎಲ್ಲಕ್ಕಿಂತ ಸುಲಭ ಅನ್ನಿಸುತ್ತದೆ. ಆದರೆ ಕೆಲವರಲ್ಲಿ ಅದು ಮೂತ್ರಪಿಂಡಕ್ಕೆ ಪೆಟ್ಟು ಕೊಟ್ಟಿದೆ. ಬಿಪಿ ಮಾತ್ರೆ ತೆಗೆದುಕೊಳ್ಳುವವರು, 55ರ ಮೇಲಿನವರು ಡಾಕ್ಟರು ಹೇಳದೆ ಅದನ್ನು ಮುಟ್ಟಲೇಬೇಡಿ. ಪಕ್ಕದ ಮನೆಯವರು ಕುಡಿದದ್ದು ಅಂತ ನೀವೂ ತರಬೇಡಿ.

ಪೆಗ್ಲೆಕ್ ಕುಡಿಯಲು ನನಗೆ ಅನುಕೂಲ ಆದದ್ದು: ಮೊದಲೇ ಕಲಸಿ ಫ್ರಿಜ್ಜಿನಲ್ಲಿಟ್ಟೆ. ನಾಲ್ಕು ಹನಿ ನಿಂಬೆರಸ ಹಿಂಡಿದೆ. ಸ್ಟ್ರಾ ಹಾಕಿ ನಾಲಿಗೆಯ ಹಿಂದಿನ ಕಡೆಗೆ ಎಳೆದೆ. ಹತ್ತು ಹದಿನೈದು ನಿಮಿಷಕ್ಕೆ ಒಂದು ಲೋಟ. ವಾಂತಿ ಬಂದಂತಾದರೆ ಅರ್ಧ ಗಂಟೆ ಬಿಟ್ಟು ಮತ್ತೆ. ಗುದದ ಸುತ್ತ ಮೊದಲೇ ವ್ಯಾಸಲೀನ್ ಹಚ್ಚಿಕೊಂಡಿದ್ದೆ. ಇಪ್ಪತ್ತು ಸಲ ಸಂಡಾಸಕ್ಕೆ ಹೋದ ಮೇಲೆ ಉರಿ ಏನು ಅಂತ ಗೊತ್ತಾಗುತ್ತದೆ. ಅದಕ್ಕೆ ಮೊದಲೇ ಹೇಳುತ್ತಿದ್ದೇನೆ.

ಇನ್ನು ಊಟ. ಪರೀಕ್ಷೆಗೆ ಎರಡು ಮೂರು ದಿನ ಮುಂಚೆಯಿಂದ ನಾರು, ಬೀಜ, ಸಿಪ್ಪೆ ಬಿಡಬೇಕು. ಅಂದರೆ ನಮ್ಮ ಕಡೆಯ ಊಟದಲ್ಲಿ ಮುಕ್ಕಾಲು ಪಾಲು ಹೋಯಿತು. ಜೋಳದ ರೊಟ್ಟಿ, ಶೇಂಗಾ ಚಟ್ನಿ, ಗುರೆಳ್ಳು ಪುಡಿ, ಅಗಸಿ ಪುಡಿ, ಕಾಳು ಪಲ್ಯ, ಮೆಂತ್ಯ ಸೊಪ್ಪು, ಪೇರಲ ಹಣ್ಣು ಎಲ್ಲ ಬಂದ್. ಗುರೆಳ್ಳು, ಅಗಸಿ ಕಾಳು ಕರುಳಿನ ಮಡಿಕೆಯಲ್ಲಿ ಕೂತು ಸ್ಕೋಪಿನ ಹೀರುವ ದಾರಿಗೆ ಅಡ್ಡ ಬರುತ್ತವೆ. ಏನು ತಿನ್ನಬಹುದು? ಬಿಳಿ ಅನ್ನ, ಮಜ್ಜಿಗೆ, ಇಡ್ಲಿ, ತರಕಾರಿ ಇಲ್ಲದ ರವೆ ಉಪ್ಪಿಟ್ಟು, ಸೋಸಿದ ತಿಳಿ ಸಾರು, ಮೊಟ್ಟೆ. ಗಂಗಾವತಿಯ ಸೋನಾ ಮಸೂರಿ ಮನೆಯಲ್ಲಿ ಇರುವಾಗ ಎರಡು ದಿನ ಅನ್ನ ಮಜ್ಜಿಗೆ ಏನೂ ಕಷ್ಟ ಅಲ್ಲ. ಜನವರಿಯಲ್ಲಿ ಗವಿಮಠದ ಜಾತ್ರೆ ದಿನಗಳಲ್ಲಿ ಮಾತ್ರ ತಾರೀಖು ಹಾಕಿಸಿಕೊಳ್ಳಬೇಡಿ. ದಾಸೋಹದ ರೊಟ್ಟಿ ಬಿಟ್ಟು ಇರಲು ಮನಸ್ಸು ಒಪ್ಪುವುದಿಲ್ಲ.

ಹಿಂದಿನ ದಿನ ಬರೀ ತಿಳಿ ಪಾನೀಯ ಅಂತ ಹೇಳಿದ್ದರೆ ಎಳನೀರು, ಸೋಸಿದ ನಿಂಬೆ ಶರಬತ್ತು, ಹಾಲಿಲ್ಲದ ಚಹಾ ಆಗುತ್ತದೆ. ಕೆಂಪು, ನೇರಳೆ ಬಣ್ಣದ್ದು ಬೇಡ, ಒಳಗೆ ರಕ್ತದ ಹಾಗೆ ಕಾಣುತ್ತದೆ. ಕಬ್ಬಿಣದ ಮಾತ್ರೆಯನ್ನು ಸುಮಾರು ಒಂದು ವಾರ ಮುಂಚೆ ನಿಲ್ಲಿಸಲು ಹೇಳುತ್ತಾರೆ, ಅದು ಮಲವನ್ನು ಕಪ್ಪು ಮಾಡಿ ಅಂಟಿಸುತ್ತದೆ. ಸಕ್ಕರೆ ಕಾಯಿಲೆ ಮಾತ್ರೆ, ಇನ್ಸುಲಿನ್, ರಕ್ತ ತೆಳು ಮಾಡುವ ಮಾತ್ರೆ, ಈ ಮೂರನ್ನು ನೀವಾಗಿ ನಿಲ್ಲಿಸಬೇಡಿ, ನೀವಾಗಿ ಮುಂದುವರಿಸಲೂಬೇಡಿ. ತಾರೀಖು ಕೊಡುವ ದಿನವೇ ಕೇಳಿ ಬರೆಸಿಕೊಳ್ಳಿ.

ಒಳಗೆ ತುಂಬುವುದು ಏನು: ಗಾಳಿ, ಇಂಗಾಲದ ಡೈ ಆಕ್ಸೈಡ್, ನೀರು

ಇದೇ ಯಾರೂ ಕೇಳದ ಪ್ರಶ್ನೆ. ಮೊದಲು ನೋವು ಎಲ್ಲಿಂದ ಬರುತ್ತದೆ ಅಂತ ನೋಡೋಣ.

ಕರುಳಿನ ಒಳಪದರಕ್ಕೆ ಕತ್ತರಿಸಿದ್ದು ಗೊತ್ತಾಗುವುದಿಲ್ಲ. ಸಣ್ಣ ಗಂಟು ತೆಗೆದರೂ ನಿಮಗೆ ತಿಳಿಯುವುದೇ ಇಲ್ಲ. ಕರುಳಿಗೆ ಗೊತ್ತಾಗುವುದು ಎಳೆತ, ಹಿಗ್ಗಾಟ. ದೊಡ್ಡ ಕರುಳು ಸುಮಾರು ಒಂದೂವರೆ ಮೀಟರ್ ಉದ್ದ, ಅಲ್ಲಲ್ಲಿ ಸುರುಳಿ. ಲಂಗಕ್ಕೆ ಲಾಡಿ ಪೋಣಿಸುವುದನ್ನು ನೆನಪು ಮಾಡಿಕೊಳ್ಳಿ. ಪಿನ್ನು ಮುಂದೆ ತಳ್ಳುತ್ತೇವೆ, ಬಟ್ಟೆಯನ್ನು ಹಿಂದೆ ನಿರಿಗೆ ಮಾಡಿಕೊಳ್ಳುತ್ತೇವೆ. ಒಳ್ಳೆಯ ಕೈ ಇರುವ ಡಾಕ್ಟರು ಕರುಳನ್ನು ಸ್ಕೋಪಿನ ಮೇಲೆ ಹಾಗೆ ನಿರಿಗೆ ಮಾಡುತ್ತಾ ಹೋಗುತ್ತಾರೆ. ಬರೀ ತಳ್ಳಿದರೆ ಸ್ಕೋಪು ಎಡಗಡೆ ಕೆಳಹೊಟ್ಟೆಯಲ್ಲಿ ಬಿಲ್ಲಿನಂತೆ ಬಾಗಿ ಕರುಳನ್ನು ಎಳೆಯುತ್ತದೆ. ಆ ಎಳೆತವೇ ಜೀವ ಹಿಂಡುವ ನೋವು.

ದಾರಿ ಕಾಣಲು ಕರುಳನ್ನು ಏನಾದರೂ ತುಂಬಿ ತೆರೆಯಬೇಕು. ಹಳೆಯ ಪದ್ಧತಿ ಗಾಳಿ. ಗಾಳಿಯಲ್ಲಿ ಮುಕ್ಕಾಲು ಪಾಲಿಗೂ ಜಾಸ್ತಿ ನೈಟ್ರೋಜನ್, ಕರುಳು ಅದನ್ನು ಹೀರಿಕೊಳ್ಳುವುದಿಲ್ಲ ಅಂದರೂ ತಪ್ಪಿಲ್ಲ. ಹೂಸಾಗಿ ಹೊರಗೆ ಬರುವ ತನಕ ಹೊಟ್ಟೆ ಉಬ್ಬಿಕೊಂಡೇ ಇರುತ್ತದೆ. ನನ್ನ ಮೊದಲ ರಾತ್ರಿಯ ಕತೆ ಅದೇ.

ಇಂಗಾಲದ ಡೈ ಆಕ್ಸೈಡನ್ನು ಕರುಳು ನೈಟ್ರೋಜನ್‌ಗಿಂತ ನೂರು ಪಟ್ಟಿಗೂ ಜಾಸ್ತಿ ವೇಗದಲ್ಲಿ ಹೀರಿಕೊಳ್ಳುತ್ತದೆ. ಅದು ರಕ್ತಕ್ಕೆ ಹೋಗಿ, ಉಸಿರಿನಲ್ಲಿ ಹೊರಗೆ ಬರುತ್ತದೆ. ಪರೀಕ್ಷೆ ಮುಗಿದ ಮೇಲಿನ ಹೊಟ್ಟೆನೋವು, ಉಬ್ಬರ ಇದರಿಂದ ನಿಜವಾಗಿ ಕಮ್ಮಿ ಆಗುತ್ತದೆ. ಶ್ವಾಸಕೋಶದ ಕಾಯಿಲೆ ಜೋರಾಗಿ ಇದ್ದವರು ಮಾತ್ರ ಮೊದಲೇ ಹೇಳಬೇಕು. ಇದಕ್ಕೆ ಸಿಲಿಂಡರು, ಬೇರೆ ಮಷೀನು ಬೇಕು, ಹಾಗಾಗಿ ಎಲ್ಲ ಕಡೆ ಇರುವುದಿಲ್ಲ.

ಮೂರನೆಯದು ನೀರು. ಸ್ಕೋಪು ಒಳಗೆ ಹೋಗುವಾಗ ಗಾಳಿ ಬಂದ್ ಮಾಡಿ, ಉಗುರು ಬೆಚ್ಚಗಿನ ನೀರು ಬಿಡುತ್ತಾ ಹೋಗುತ್ತಾರೆ. ಗಾಳಿ ತುಂಬಿದ ಕರುಳು ಬಲೂನಿನ ಹಾಗೆ ಉದ್ದವಾಗಿ, ತಿರುವುಗಳು ಬಿಗಿಯಾಗುತ್ತವೆ. ನೀರು ತುಂಬಿದ್ದು ಭಾರಕ್ಕೆ ಕೆಳಗೆ ಕೂತು ನೆಟ್ಟಗಾಗುತ್ತದೆ, ಬಾಗು ಕಮ್ಮಿ. ಕೊಳೆ ನೀರನ್ನು ಹೋಗುವಾಗಲೇ ಹೀರಿ ಹೊಸ ನೀರು ತುಂಬುವ ಕ್ರಮದಲ್ಲಿ ಸ್ಕೋಪು ಒಳಗೆ ಹೋಗುವಾಗಿನ ನೋವು ಅತಿ ಕಮ್ಮಿ. ಗಂಟುಗಳು ಕಣ್ಣಿಗೆ ಬೀಳುವುದೂ ಹೆಚ್ಚು. ಕೆಲವು ನಿಮಿಷ ಜಾಸ್ತಿ ಹಿಡಿಯುತ್ತದೆ, ಡಾಕ್ಟರಿಗೆ ರೂಢಿ ಬೇಕು. ಹೊಸ ಮಷೀನು ಮಾತ್ರ ಬೇಡ. ಅದಕ್ಕೇ ನನಗೆ ಇದು ನಮ್ಮ ಜಿಲ್ಲೆಗಳಿಗೆ ಬಹಳ ಹೊಂದುತ್ತದೆ ಅನ್ನಿಸುತ್ತದೆ.

ಎರಡರಲ್ಲಿ ಒಂದು ಅಂದರೆ? ಎಚ್ಚರವಾಗಿ ಮಾಡಿಸಿಕೊಳ್ಳುವವರಿಗೆ ನೀರು. ಪೂರ್ತಿ ನಿದ್ದೆಯಲ್ಲಿ ಮಾಡಿಸಿಕೊಳ್ಳುವವರಿಗೆ ಇಂಗಾಲದ ಡೈ ಆಕ್ಸೈಡ್, ಯಾಕಂದರೆ ಅವರ ಕಷ್ಟ ಎದ್ದ ಮೇಲಿನದು. ಹೋಗುವಾಗ ನೀರು, ಬರುವಾಗ ಇಂಗಾಲದ ಡೈ ಆಕ್ಸೈಡ್, ಎರಡೂ ಸಿಕ್ಕರೆ ಅದಕ್ಕಿಂತ ಒಳ್ಳೆಯದು ಬೇಡ.

ಎಚ್ಚರ, ಮಂಪರು, ಪೂರ್ತಿ ನಿದ್ದೆ

ಎಚ್ಚರವಾಗಿಯೇ ಮಾಡಿಸಿಕೊಳ್ಳುವುದು ಹಿಂಸೆ ಅಂತ ನಾವು ಅಂದುಕೊಂಡಿದ್ದೇವೆ. ನಾರ್ವೆಯಂಥ ದೇಶಗಳಲ್ಲಿ ಎಷ್ಟೋ ಜನ ಇಂಜೆಕ್ಷನ್ ಇಲ್ಲದೆಯೇ ಮಾಡಿಸಿಕೊಳ್ಳುತ್ತಾರೆ. ಮುಗಿದ ತಕ್ಷಣ ಎದ್ದು ನಡೆಯಬಹುದು, ಗಾಡಿ ಓಡಿಸಬಹುದು, ಜೊತೆಗೆ ಯಾರೂ ಬೇಡ. ಡಾಕ್ಟರು ಹೇಳಿದಂತೆ ಮಗ್ಗುಲು ತಿರುಗಬಹುದು, "ಸ್ವಲ್ಪ ನಿಲ್ಲಿಸ್ರಿ" ಅನ್ನಬಹುದು. ಆದರೆ ಎಲ್ಲರಿಗೂ ಇದು ಅಲ್ಲ. ತೀರಾ ಸಣಕಲು ಮೈಯವರು, ತುಂಬಾ ಹೆದರುವವರು, ಹಿಂದೆ ಒಮ್ಮೆ ನೋವು ತಿಂದವರು, ಮತ್ತು ಮುಖ್ಯವಾಗಿ ಗರ್ಭಕೋಶ ತೆಗೆಸಿಕೊಂಡವರು ಇದನ್ನು ಆರಿಸುವ ಮುಂಚೆ ಯೋಚಿಸಬೇಕು. ಆಪರೇಷನ್ ಆದ ಜಾಗದಲ್ಲಿ ಕರುಳು ಅಂಟಿಕೊಂಡಿದ್ದರೆ ಅದು ಸರಿದಾಡುವುದಿಲ್ಲ, ಎಳೆತ ಜಾಸ್ತಿ. ನಮ್ಮ ಕಡೆ ಗರ್ಭಕೋಶ ತೆಗೆಸಿಕೊಂಡ ಹೆಣ್ಣುಮಕ್ಕಳು ಕಮ್ಮಿ ಏನಿಲ್ಲ. ಅಕ್ಕಾರೇ, ತಂಗ್ಯಾರೇ, ದಯವಿಟ್ಟು ಇದನ್ನು ನಾಚಿಕೆ ಬಿಟ್ಟು ಡಾಕ್ಟರಿಗೆ ಹೇಳಿ. ನನಗೂ ಆಗಿತ್ತು. ಮೊದಲ ಸಲ ಯಾರೂ ಕೇಳಲಿಲ್ಲ, ನಾನೂ ಹೇಳಲಿಲ್ಲ.

ಮಂಪರು ಅಂದರೆ ಸಾಮಾನ್ಯವಾಗಿ ಮಿಡಜೋಲಾಂ, ಜೊತೆಗೆ ಫೆಂಟನಿಲ್‌ನಂಥ ನೋವಿನ ಇಂಜೆಕ್ಷನ್. ಕರೆದರೆ ಓಗೊಡುತ್ತೀರಿ, ಆದರೆ ಅರ್ಧ ನೆನಪು ಉಳಿಯುವುದಿಲ್ಲ. ಎರಡನೇ ಸಲ ನಾನು ಆರಿಸಿದ್ದು ಇದನ್ನೇ, ಕಮ್ಮಿ ಡೋಸಿನಲ್ಲಿ, ನೀರಿನ ಕ್ರಮದ ಜೊತೆ. ಮಬ್ಬು ಕೆಲವು ಗಂಟೆ ಇರುತ್ತದೆ. ಅವತ್ತೆಲ್ಲ ಗಾಡಿ ಓಡಿಸುವಂತಿಲ್ಲ, ಆಸ್ತಿ ಕಾಗದಕ್ಕೆ ಸಹಿ ಹಾಕುವಂತಿಲ್ಲ. ನಾನು ಸಂಜೆ ಅಡುಗೆಗೆ ನಿಂತದ್ದು ಮಗಳು ಪಕ್ಕದಲ್ಲಿ ಇದ್ದಿದ್ದರಿಂದ.

ಪೂರ್ತಿ ನಿದ್ದೆಗೆ ಪ್ರೊಪೊಫಾಲ್. ಅರಿವಳಿಕೆ ಡಾಕ್ಟರು ಪಕ್ಕದಲ್ಲಿ ಇರಬೇಕು, ಬಿಲ್ಲು ಜಾಸ್ತಿ. ಏನೂ ಗೊತ್ತಾಗುವುದಿಲ್ಲ, ಬೇಗ ಎಚ್ಚರವೂ ಆಗುತ್ತದೆ. ಆದರೆ ಉಸಿರು ಮತ್ತು ಬಿಪಿ ಇಳಿಯುವ ಸಾಧ್ಯತೆ ಇರುವುದರಿಂದ ಕೊನೆಯ ತನಕ ಒಬ್ಬರು ಅದನ್ನೇ ನೋಡುತ್ತಿರಬೇಕು. ಗೊರಕೆ ಜೋರಾಗಿ ಹೊಡೆಯುವವರು, ತುಂಬಾ ದಪ್ಪ ಇರುವವರು, ಹೃದಯದ ಕಾಯಿಲೆಯವರು ಮೊದಲೇ ಹೇಳಿ. ತುಂಬಾ ಭಯ ಇದ್ದರೆ, ಭಯದಿಂದಲೇ ಪರೀಕ್ಷೆ ಮುಂದೂಡುತ್ತಿದ್ದರೆ, ಖರ್ಚು ಆದರೂ ಪರವಾಗಿಲ್ಲ, ಇದನ್ನೇ ಆರಿಸಿಕೊಳ್ಳಿ. ಮಾಡಿಸದೆ ಇರುವುದಕ್ಕಿಂತ ಎಷ್ಟೋ ಮೇಲು. ಪೋಲೆಂಡ್, ನಾರ್ವೆ, ಸ್ವೀಡನ್ ಸೇರಿ ನಡೆಸಿ 2022ರಲ್ಲಿ ಪ್ರಕಟಿಸಿದ ದೊಡ್ಡ ಅಧ್ಯಯನದಲ್ಲಿ, ಕರೆ ಕಳಿಸಿದವರಲ್ಲಿ ಪರೀಕ್ಷೆಗೆ ಬಂದವರು ಶೇ. 42 ಮಾತ್ರ.

ನಡುವಿನ ಒಂದು ಮಾತು ಕೇಳಿಟ್ಟುಕೊಳ್ಳಿ: ಸಲೈನ್ ಸೂಜಿ ಮೊದಲೇ ಹಾಕಿಸಿಕೊಂಡು, ಎಚ್ಚರದಲ್ಲಿ ಶುರು ಮಾಡಿ, ತಡೆಯಲು ಆಗದಿದ್ದರೆ ಮಾತ್ರ ಇಂಜೆಕ್ಷನ್ ಕೊಡಿ ಅನ್ನಬಹುದು. ನಿರ್ಧಾರ ನಿಮ್ಮ ಕೈಯಲ್ಲಿ ಇದೆ ಅನ್ನುವುದೇ ಅರ್ಧ ಧೈರ್ಯ.

ಸಣ್ಣವು ಅನ್ನಿಸುವ, ಸಣ್ಣವಲ್ಲದ ವಿಷಯ

ಹಿಂದೆ ಮಾತ್ರ ತೆರೆದಿರುವ ಪ್ಯಾಂಟು ಇದೆಯಾ ಕೇಳಿ. ರೂಮಿನಲ್ಲಿ ಹೆಣ್ಣು ನರ್ಸ್ ಇರಲಿ ಅನ್ನಿ. ನಾಚಿಕೆಯಿಂದ ಮೈ ಬಿಗಿ ಹಿಡಿದರೆ ನೋವು ಜಾಸ್ತಿ. ಇಷ್ಟದ ವಚನವೋ ಹಾಡೋ ಕಿವಿಗೆ ಹಾಕಿಕೊಳ್ಳಬಹುದು, ಹೆದರಿಕೆ ಸ್ವಲ್ಪ ಇಳಿಯುತ್ತದೆ. ಸಣಕಲು ಮೈಯವರಿಗೆ, ಅಂಟಿಕೊಂಡ ಕರುಳಿಗೆ ಮಕ್ಕಳಿಗೆ ಬಳಸುವ ತೆಳು ಸ್ಕೋಪು ಸಹಾಯ ಮಾಡುತ್ತದೆ.

ಮನಃಶಾಸ್ತ್ರಜ್ಞ ಡೇನಿಯಲ್ ಕಾಹ್ನೆಮನ್ ಮತ್ತು ಡಾಕ್ಟರ್ ಡೊನಾಲ್ಡ್ ರೆಡಲ್‌ಮೈರ್ ಸೇರಿ 2003ರಲ್ಲಿ ಪ್ರಕಟಿಸಿದ ಒಂದು ಅಧ್ಯಯನ ನನಗೆ ಬಹಳ ಹಿಡಿಸಿತು. ಕೊನೆಯಲ್ಲಿ ಸ್ಕೋಪನ್ನು ಗಡಿಬಿಡಿಯಿಂದ ಎಳೆಯದೆ, ಸ್ವಲ್ಪ ಹೊತ್ತು ಅಲುಗಾಡಿಸದೆ ಹಿಡಿದು ಆಮೇಲೆ ತೆಗೆದರು. ಹೀಗೆ ಮಾಡಿಸಿಕೊಂಡವರ ನೆನಪಿನಲ್ಲಿ ನೋವು ಕಮ್ಮಿ ಉಳಿಯಿತು. ಮತ್ತೆ ಪರೀಕ್ಷೆಗೆ ಬರುವವರ ಸಂಖ್ಯೆಯೂ ಸ್ವಲ್ಪ ಹೆಚ್ಚಿತು. ಕೊನೆ ಹೇಗಾಯಿತು ಅನ್ನುವುದನ್ನೇ ಮನಸ್ಸು ಹಿಡಿದುಕೊಳ್ಳುತ್ತದೆ, ಅಲ್ವಾ? "ತೆಗೆಯುವಾಗ ನಿಧಾನ ಮಾಡ್ರಿ" ಅಂತ ಹೇಳಲು ಯಾರ ಅಪ್ಪಣೆಯೂ ಬೇಡ. ಗಂಟು ಹುಡುಕುವುದೂ ಹೊರಗೆ ಬರುವಾಗಲೇ. ಅದಕ್ಕೆ ಕಮ್ಮಿ ಅಂದರೂ 6 ನಿಮಿಷ ಕೊಡಬೇಕು ಅನ್ನುವುದು ಹಳೆಯ ನಿಯಮ.

ಮನೆಗೆ ಬಂದ ಮೇಲೆ ಹೊಟ್ಟೆ ಗಟ್ಟಿಯಾಗಿ ನೋವು ಏರುತ್ತಾ ಹೋದರೆ, ಜ್ವರ ಬಂದರೆ, ರಕ್ತ ಜಾಸ್ತಿ ಹೋದರೆ ಗ್ಯಾಸ್ ಅಂತ ಕೂರಬೇಡಿ, ತಕ್ಷಣ ಆಸ್ಪತ್ರೆಗೆ ಹೋಗಿ. ಕರುಳಿಗೆ ತೂತಾಗುವುದು ಸಾವಿರಕ್ಕೆ ಒಂದಕ್ಕಿಂತಲೂ ಕಮ್ಮಿ. ಆದರೂ ಗೊತ್ತಿರಬೇಕು.

ಊರು, ದಾರಿ, ತಾರೀಖು

ಕೊಪ್ಪಳ, ರಾಯಚೂರು, ಬಳ್ಳಾರಿ ಮೂರೂ ಕಡೆ ಸರ್ಕಾರಿ ಮೆಡಿಕಲ್ ಕಾಲೇಜು ಆಸ್ಪತ್ರೆ ಇವೆ. ಹತ್ತಿರದ್ದರಲ್ಲೇ ಮೊದಲು ವಿಚಾರಿಸಿ. ನಮ್ಮಲ್ಲಿ ಬಹಳ ಜನ ಹುಬ್ಬಳ್ಳಿಗೋ ಹೈದರಾಬಾದಿಗೋ ಓಡುತ್ತಾರೆ. ಹೋಗಿ, ಬೇಡ ಅನ್ನುವುದಿಲ್ಲ. ಆದರೆ ನಸುಕಿನ ಡೋಸ್ ಕುಡಿದು ಬಸ್ಸು ಹತ್ತುವುದು ಹೇಗೆ? ದೂರ ಹೋಗುವುದಾದರೆ ಎರಡೇ ದಾರಿ. ಹಿಂದಿನ ದಿನವೇ ಹೋಗಿ, ರೂಮಿನೊಳಗೇ ಸಂಡಾಸ ಇರುವ ಲಾಡ್ಜಿನಲ್ಲಿ ಉಳಿಯುವುದು. ಇಲ್ಲವೇ ಮಧ್ಯಾಹ್ನದ ಹೊತ್ತು ಕೇಳಿ, ರೈಲಿನಲ್ಲಿ ಹೋಗುವುದು. ರೈಲಿನಲ್ಲಿ ಸಂಡಾಸ ಇದೆ, ಬಸ್ಸಿನಲ್ಲಿ ಇಲ್ಲ. ಅತ್ತಿ, ಮಾವ ಅಂಥ ವಯಸ್ಸಾದವರಿಗೆ ಕೂರುವ ಕಮೋಡ್ ಇರಲೇಬೇಕು, ಅಷ್ಟು ಸಲ ಕುಕ್ಕರುಗಾಲಿನಲ್ಲಿ ಕೂತು ಏಳಲು ಆಗದು.

ಏಪ್ರಿಲ್, ಮೇ ತಿಂಗಳು ತಪ್ಪಿಸಲು ಆದರೆ ತಪ್ಪಿಸಿ. ರಾಯಚೂರು, ಬಳ್ಳಾರಿ ಬಿಸಿಲು 40 ಡಿಗ್ರಿ ದಾಟಿರುವಾಗ ಭೇದಿ ಔಷಧಿ ಕುಡಿದರೆ ಮೈಯ ನೀರೆಲ್ಲ ಹೋಗಿ ತಲೆ ಸುತ್ತುತ್ತದೆ. ಮುಂಜಾಗ್ರತೆಯ ಪರೀಕ್ಷೆ ತಾನೆ, ಮಳೆಗಾಲಕ್ಕೆ ಇಟ್ಟುಕೊಂಡರೆ ನಷ್ಟ ಇಲ್ಲ. ತೊಂದರೆ ಇದ್ದವರು ಮಾತ್ರ ಬಿಸಿಲು ಅಂತ ಮುಂದೂಡಬೇಡಿ.

ಮುಂದಿನ ಗುರುವಾರ ನಮ್ಮ ತಮ್ಮನ ಸರದಿ, ಅವನಿಗೆ ಈಗ 41. ಮೊನ್ನೆ ಫೋನ್ ಹಚ್ಚಿ ಆಸ್ಪತ್ರೆಯವರನ್ನು ಅವನೇ ಕೇಳಿದ. ಇಂಗಾಲದ ಡೈ ಆಕ್ಸೈಡ್ ಇಲ್ಲ, ನೀರಿನಲ್ಲಿ ಮಾಡುತ್ತೇವೆ ಅಂದರಂತೆ. ಮಧ್ಯಾಹ್ನ ಒಂದೂವರೆಗೆ ಹೊತ್ತು ಕೊಟ್ಟಿದ್ದಾರೆ. ಎಚ್ಚರದಲ್ಲೇ ಶುರು ಮಾಡಿ, ಬೇಕಾದರೆ ಇಂಜೆಕ್ಷನ್ ಅಂತ ಒಪ್ಪಿಸಿದ್ದಾನೆ. ಸೋಮವಾರದಿಂದ ರೊಟ್ಟಿ ಬಂದ್. ಬುಧವಾರ ಸಂಜೆ ನಾನು ಅವನ ಮನೆಗೆ ಹೋಗುತ್ತೇನೆ. ಅರ್ಧ ಔಷಧಿ ಆವಾಗ, ಇನ್ನರ್ಧ ಗುರುವಾರ ಬೆಳಗ್ಗೆ 8 ಗಂಟೆಗೆ.